ಇನ್ನೂರನಲವತ್ತನೇ ಹಾಜರಿ

ಎಲ್ಲ ರಗಳೆಗೂ ಮೂಲ ಕನ್ನಡಿ. ಆ ಬೆಳಿಗ್ಗೆ ಮೀಟರಣ್ಣ ಅದರೆದುರು ಮಾಮೂಲಿಗಿಂತ ಕಾಲು ಗಂಟೆ ಹೆಚ್ಚು ನಿಂತ. ನೀರು ಸರಬರಾಜು ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸ ಅವನದು. ವರ್ಷಗಟ್ಟಲೆ ಬಿಸಿಲಲ್ಲಿ ತಿರುಗಿ ಎರಡೂ ಕೆನ್ನೆಗಳ ಮೇಲೆ ಕಂದು ಕಲೆ ಹರಡಿಕೊಂಡಿತ್ತು. ಸಾಲದ್ದಕ್ಕೆ ಯಾರೋ ಹೇಳಿದರೆಂದು ಬೆಳ್ಳಗಾಗುವ ಮುಲಾಮು ತಿಕ್ಕಿ ಅದನ್ನು ಇನ್ನಷ್ಟು ಕಪ್ಪಾಗಿಸಿಕೊಂಡಿದ್ದ. ಕೊನೆಗೆ ಚರ್ಮದ ಡಾಕ್ಟರಮ್ಮನ ಕೈಗೆ ಸಿಕ್ಕಿಬಿದ್ದ. ತಿಕ್ಕಬಾರದು, ಕಂಡದ್ದೆಲ್ಲ ಬಳಿಯಬಾರದು, ಬಿಸಿಲಿಗೆ ಹೊರಟರೆ ಸನ್‌ಸ್ಕ್ರೀನ್ ಮತ್ತು ಅಗಲ ಟೋಪಿ, ರಾತ್ರಿ ಅವರು ಕೊಟ್ಟ ಕ್ರೀಮು. ಹೀಗೆ ಎಂಟು ತಿಂಗಳು ಕಳೆಯಿತು. ನಿನ್ನೆ ಸಂಜೆ ಅವರು ದೀಪ ಹಿಡಿದು ನೋಡಿ, ಕಲೆ ಹೋಗಿದೆ, ಕ್ರೀಮು ಸಾಕು, ಟೋಪಿ ಮಾತ್ರ ಬಿಡಬೇಡಿ ಎಂದಿದ್ದರು.

"ಎಷ್ಟು ನೋಡ್ಕೋತೀರಿ, ಕನ್ನಡಿ ಸವೆದುಹೋಗುತ್ತೆ," ಎಂದಳು ಹೆಂಡತಿ. "ಇವತ್ತು ಇನ್ನೂರನಲವತ್ತನೇ ದಿನ. ನೆನಪಿದೆ ತಾನೆ?"

ನೆನಪಿಲ್ಲದೆ ಏನು! ಒಂದು ದಿನವೂ ತಪ್ಪದೆ ಇನ್ನೂರನಲವತ್ತು ಹಾಜರಿ ಹಾಕಿದ ಹಂಗಾಮಿ ನೌಕರರಿಗೆ ಕೆಲಸ ಕಾಯಂ. ಒಂದು ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಹಿಂದೊಮ್ಮೆ ಜ್ವರ ಬಂದು ಇನ್ನೂರಹನ್ನೊಂದರಲ್ಲಿ ಜಾರಿಬಿದ್ದವನು ಅವನು. ಆ ನೋವು ಇನ್ನೂ ಹಸಿಯಾಗಿತ್ತು.

ಹಾಜರಿ ಹಾಕುವುದು ಕಚೇರಿಯ ಬಾಗಿಲ ಪಕ್ಕದ ಯಂತ್ರ. ಎದುರು ನಿಂತರೆ ಮುಖ ಗುರುತು ಹಿಡಿಯುತ್ತದೆ. ಮೂರು ಸಲ ಗುರುತು ಸಿಗದಿದ್ದರೆ ಇಪ್ಪತ್ತು ನಿಮಿಷ ಮುನಿಸಿಕೊಂಡು ಕೂರುತ್ತದೆ. ಹನ್ನೊಂದು ಹೊಡೆದರೆ ಅಂದಿನ ಹಾಜರಿ ಮುಗಿಯಿತು, ಮೇಲಧಿಕಾರಿ ಬಂದು ಬೇಡಿಕೊಂಡರೂ ತೆರೆಯದು.

ಹತ್ತು ಗಂಟೆಗೆ ಮೀಟರಣ್ಣ ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಅದರೆದುರು ನಿಂತ. ಯಂತ್ರ ಕೆಂಪು ದೀಪ ಹಾಕಿ, ವ್ಯಕ್ತಿ ಪರಿಚಿತರಲ್ಲ ಎಂದಿತು. ಅವನಿಗೆ ತಮಾಷೆ ಎನಿಸಿತು. ಎರಡನೇ ಸಲವೂ ಅದೇ ಮಾತು ಬಂದಾಗ ಹುಬ್ಬು ಗಂಟಿಕ್ಕಿದ.

"ಮುಖ ಗಂಟು ಹಾಕ್ಬೇಡಿ ಮೀಟರಣ್ಣ," ಎಂದ ವಾಚ್‌ಮನ್. "ಫೋಟೋಗೆ ನಿಂತ ಹಾಗೆ ನಗ್ತಾ ನಿಂತ್ಕೊಳ್ಳಿ."

ನಗುತ್ತಲೇ ನಿಂತ. ಯಂತ್ರ ಮುನಿಸಿಕೊಂಡಿತು.

ಇಷ್ಟಾದರೆ ಸಾಕಲ್ಲ, ಕಚೇರಿಯೇ ಬಾಗಿಲಿಗೆ ಬಂತು. ಹೆಡ್ ಕ್ಲರ್ಕ್ ಯಂತ್ರ ರಿಪೇರಿಯವನಿಗೆ ಫೋನ್ ಮಾಡಿದರು. ಅವನು ಊರಿನ ಆ ತುದಿಯಲ್ಲಿದ್ದ, ಮಧ್ಯಾಹ್ನದೊಳಗೆ ಬರುತ್ತಾನಂತೆ. ಅಷ್ಟರಲ್ಲಿ ಟಪಾಲು ವಿಭಾಗದ ಅಕ್ಕ ಹಳೆಯ ಕಡತದಿಂದ, ಯಂತ್ರ ಬಂದ ದಿನ ತೆಗೆದಿದ್ದ ಅವನ ಫೋಟೋ ಹುಡುಕಿ ತಂದರು. ಮುಖದ ತುಂಬ ಕಲೆ, ಕಹಿ ಔಷಧಿ ಕುಡಿದವನಂತೆ ಬಿಗಿದ ತುಟಿ.

"ನೋಡಿ, ಯಂತ್ರಕ್ಕೆ ಗೊತ್ತಿರೋದು ಈ ಕಲೆ ಇರೋ ಮನುಷ್ಯ," ಎಂದರು ಅಕ್ಕ. "ನೀವು ಕಲೆ ತೆಗೆಸ್ಕೊಂಡು ಬಂದಿದ್ದೀರಿ. ಅದು ಹೇಗೆ ಒಳಗೆ ಬಿಡುತ್ತೆ?"

ಎಲ್ಲರಿಗೂ ಅದು ಸರಿ ಎನಿಸಿತು. ಎಂಟು ತಿಂಗಳು ನಿಂಬೆಹಣ್ಣು ತಿಕ್ಕು, ಆಲೂಗಡ್ಡೆ ಅರೆದು ಹಚ್ಚು ಎಂದು ಅವನ ಜೀವ ತಿಂದಿದ್ದ ಮಂದಿ ಈಗ ಕಲೆ ಬರಿಸುವ ಬಗೆ ಹುಡುಕತೊಡಗಿದರು. ವಾಚ್‌ಮನ್ ಬಿಸಿಲಿಗೆ ನಿಲ್ಲಿಸೋಣ ಎಂದ. ಆದರೆ ಬಿಸಿಲು ವರ್ಷಗಟ್ಟಲೆ ಮಾಡಿದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮಾಡೀತೇ? ಹತ್ತೂವರೆಗೆ ಯಂತ್ರದ ಮುನಿಸು ಇಳಿದಿತ್ತು. ವಾಚ್‌ಮನ್ ಮಾತಿನಂತೆ ಇನ್ನೂ ಅಗಲ ನಕ್ಕು ಮತ್ತೆ ಮೂರು ಸಲ ನಿಂತದ್ದಾಯಿತು. ಫಲವಿಲ್ಲ. ಹತ್ತು ಐವತ್ತೊಂದರವರೆಗೆ ಮತ್ತೆ ಮೌನವ್ರತ. ಇನ್ನೊಮ್ಮೆ ಒಂದರಿಂದ ಎಣಿಸುವ ಶಕ್ತಿ ತನಗಿಲ್ಲ ಎಂದು ಮೀಟರಣ್ಣನಿಗೆ ಗೊತ್ತಿತ್ತು.

"ಫೋಟೋದಲ್ಲಿರೋ ಕಲೆನೇ ಬಳೀರಿ ಅಕ್ಕಾ," ಎಂದ. "ಏನು ಬೇಕಾದ್ರೂ ಬಳೀರಿ."

ಸೀಲು ಒತ್ತುವ ಪ್ಯಾಡಿನ ಕಪ್ಪು ಶಾಯಿಗೆ ಒಂದು ಚಮಚ ಕಾಫಿ ಬೆರೆಸಿ, ಫೋಟೋ ನೋಡುತ್ತ ಅಕ್ಕ ಎರಡೂ ಕೆನ್ನೆಗೆ ಕಲೆ ಬಿಡಿಸಿದರು. ರಂಗೋಲಿ ಹಾಕಿದಷ್ಟೇ ಶ್ರದ್ಧೆ. ಮುಗಿಯುವಾಗ ಹೆಡ್ ಕ್ಲರ್ಕ್ ಕನ್ನಡಕ ಏರಿಸಿ, ದೊಡ್ಡ ಕಲೆ ಆ ಕೆನ್ನೆಗಲ್ಲ ಈ ಕೆನ್ನೆಗೆ ಎಂದರು. ವಾದಕ್ಕೆ ಸಮಯವಿರಲಿಲ್ಲ. ಸೀಲು ತೊಳೆಯುವ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ವಾಚ್‌ಮನ್ ಪಾತ್ರೆ ಉಜ್ಜಿದಂತೆ ಉಜ್ಜಿದ. ಕೆಂಪೇರಿದ ಚರ್ಮದ ಮೇಲೆ ಮತ್ತೆ ಶಾಯಿ ಬಿತ್ತು. ಕೆನ್ನೆಗೆ ಕೆಂಡ ಇಟ್ಟಂತಾಯಿತು.

ಹತ್ತು ಐವತ್ತೆಂಟು. ಮೀಟರಣ್ಣ ಯಂತ್ರದೆದುರು ನಿಂತ. ನಗಿ ಎಂದು ವಾಚ್‌ಮನ್ ಪಿಸುಗುಟ್ಟಿದ, ಆದರೆ ಉರಿಗೆ ತುಟಿ ಬಿಚ್ಚಲೂ ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹಲ್ಲು ಕಚ್ಚಿ ನಿಂತ. ಹಸಿರು ದೀಪ ಹೊತ್ತಿ, ಹಾಜರಿ ದಾಖಲಾಗಿದೆ ಎಂದಿತು ಯಂತ್ರ.

ಕಚೇರಿಯೇ ಚಪ್ಪಾಳೆ ತಟ್ಟಿತು. ಅಕ್ಕ ತಾನು ಹೇಳಿರಲಿಲ್ಲವೇ ಎಂಬಂತೆ ಎಲ್ಲರ ಮುಖ ನೋಡಿದರು. ಹೆಡ್ ಕ್ಲರ್ಕ್ ಕಾಯಂ ಪಟ್ಟಿಯಲ್ಲಿ ಹೆಸರು ಸೇರಿಸಿದರು.

ರಿಪೇರಿಯವನು ಬಂದದ್ದು ಹನ್ನೆರಡಕ್ಕೆ. ನಡೆದದ್ದೆಲ್ಲ ಕೇಳಿ, ಮೀಟರಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ನಿನ್ನೆ ಬೆಳಿಗ್ಗೆ ಯಂತ್ರ ಇವ್ರನ್ನ ಗುರುತು ಹಿಡೀತಾ?"

ಹಿಡಿಯಿತು ಎಂದರು ಎಲ್ಲರೂ.

"ಮತ್ತೆ ಕಲೆ ನಿನ್ನೆ ರಾತ್ರಿ ಒಂದೇ ಸಲ ಹೋಯ್ತಾ?"

ಅವನು ಯಂತ್ರದೊಳಗಿನ ಇವತ್ತಿನ ಚಿತ್ರಗಳನ್ನು ತೆಗೆದು ತೋರಿಸಿದ. ಆರರಲ್ಲೂ ಮೀಟರಣ್ಣ ಕಿವಿಯವರೆಗೆ ನಗುತ್ತಿದ್ದ.

"ಇದು ಬಣ್ಣ ನೋಡಲ್ಲ, ಮುಖದ ಅಳತೆ ನೋಡುತ್ತೆ. ಇಷ್ಟು ಬಾಯಿ ಬಿಟ್ಟರೆ ಅಳತೆಯೇ ಬದಲಾಗುತ್ತೆ. ಇವ್ರು ಎಂಟು ತಿಂಗಳಲ್ಲಿ ಒಂದು ದಿನಾನೂ ನಕ್ಕಿಲ್ಲ, ಅದಕ್ಕೇ ಗೊತ್ತಾಗಿಲ್ಲ."

ವಾಚ್‌ಮನ್‌ಗೆ ಅದೇ ಹೊತ್ತಿಗೆ ಗೇಟಿನ ಬಳಿ ಏನೋ ತುರ್ತು ಕೆಲಸ ನೆನಪಾಯಿತು.

ಊಟದ ಬಿಡುವಿನಲ್ಲಿ ಮೀಟರಣ್ಣ ಡಾಕ್ಟರಮ್ಮನ ಬಳಿ ಓಡಿದ. ಶಾಯಿ ತೊಳೆದು ನೋಡಿ ಅವರು ದೀರ್ಘ ಉಸಿರು ಬಿಟ್ಟರು. ಉರಿ ನಾಲ್ಕು ದಿನಕ್ಕೆ ಇಳಿಯುತ್ತದಂತೆ. ಆದರೆ ಇಂಥ ಚರ್ಮ ಸುಟ್ಟು ಕೆರಳಿದರೆ ಮಾಯುವಾಗ ಅಲ್ಲೇ ಕಪ್ಪು ಕಲೆ ಬಿಟ್ಟು ಹೋಗುತ್ತದಂತೆ.

"ಮತ್ತೆ ಅದೇ ಕ್ರೀಮು, ಅದೇ ಟೋಪಿ," ಎಂದರು. "ಎಂಟು ತಿಂಗಳಾದ್ರೂ ಬೇಕು. ಮೊದಲಿಂದ ಶುರು ಮಾಡಿ."

ಸಂಜೆ ಮನೆಗೆ ಹೊರಡುವಾಗ ಅವನು ಕಾಯಂ ನೌಕರ. ಅಂದರೆ ಬದುಕಿಡೀ ಬಿಸಿಲಲ್ಲಿ ಮೀಟರ್ ಓದುವುದು ಖಾತ್ರಿಯಾಗಿತ್ತು. ಟೋಪಿ ಕೈಯಲ್ಲಿ ಹಿಡಿದು, ತುಟಿ ಬಿಗಿದು, ಹೊರಹೋಗುವ ಗುರುತು ಹಾಕಲು ಬಾಗಿಲ ಬಳಿ ಬಂದ. ಅವನು ನೆಟ್ಟಗೆ ನಿಲ್ಲುವ ಮೊದಲೇ ಯಂತ್ರ ಹಸಿರು ದೀಪ ಹಾಕಿತು.