ಬಿಳಿ ಕೋಟಿನ ಕ್ಯಾಪ್ಟನ್

ಬಸವೇಶ್ವರನಗರದ ಒಂದು ಸಣ್ಣ ಬಾರಿನಲ್ಲಿ ನಾನು ಕ್ಯಾಪ್ಟನ್. ಅಂದರೆ ಟೇಬಲ್ ಹತ್ತಿರ ನಿಂತು ಆರ್ಡರ್ ಬರೆದುಕೊಳ್ಳುವವನು. ಜನ ಮ್ಯಾಚ್ ನೋಡೋಕೆ ಅಂತಲೇ ಬರುವ ಜಾಗ. ಗೋಡೆ ತುಂಬ ಬ್ಯಾಟು, ಗ್ಲೌಸು, ಮೂಲೆಗೊಂದು ಟಿವಿ. ಕ್ರಿಕೆಟ್ ಬಾರ್ ಅಂದಮೇಲೆ ಎಲ್ಲವೂ ಕ್ರಿಕೆಟ್ಟೇ ಆಗಿರಬೇಕು ಅಂತ ಓನರ್‌ಗೆ ಹಟ. ಹಾಗಾಗಿ ನಮಗೆ ಅಂಪೈರ್ ಥರ ಬಿಳಿ ಕೋಟು, ಬಿಳಿ ಟೋಪಿ. ಇಂಥ ಕಡೆ ವಾರಕ್ಕೊಂದು ಎಡವಟ್ಟು ಆಗದೇ ಹೋದರೆ ನಮಗೇ ಏನೋ ಕಳೆದುಕೊಂಡ ಹಾಗೆ. ಹಾವೇರಿ ಕಡೆಯಿಂದ ಬಂದು ಛತ್ರಗಳಲ್ಲಿ ಊಟ ಬಡಿಸಿಕೊಂಡಿದ್ದ ನನಗೆ ಕಬಡ್ಡಿ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಕ್ರಿಕೆಟ್ ಕಲಿಸಿದವರು, ನಗೋದು ಕಲಿಸಿದವರು ಎಲ್ಲ ಈ ಗಿರಾಕಿಗಳೇ.

ಕೆಲಸ ಹೋಯಿತು ಅಂದುಕೊಂಡೆ

ಸೇರಿದ ಮೊದಲ ಭಾನುವಾರ. ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಒಂದೇ ಆಫೀಸಿನ ನಾಲ್ವರು ಗೆಳೆಯರು. ಅವರ ಗೋಬಿ ಬರೋದು ತಡವಾಗಿತ್ತು. ತಟ್ಟೆ ಹಿಡಿದು ಓಡಿ ಬರುತ್ತಿದ್ದೇನೆ, ಒಬ್ಬ ಟೇಬಲ್ ಗುದ್ದಿದ.

"ಈ ಕ್ಯಾಪ್ಟನ್‌ನ ಮೊದ್ಲು ತೆಗೆದು ಬಿಸಾಕ್ಬೇಕು ಗುರು! ತಲೇನೇ ಇಲ್ಲ!"

"ತಲೆ ಬಿಡು ಮಗಾ, ಕೈಕಾಲೂ ಆಡ್ತಿಲ್ಲ ಅವನಿಗೆ," ಅಂದ ಇನ್ನೊಬ್ಬ.

ನಾನು ತಟ್ಟೆ ಇಟ್ಟು ಕೈ ಮುಗಿದೆ. "ತಪ್ಪಾತ್ರೀ ಸರ್, ಓನರ್‌ಗೆ ಹೇಳಬ್ಯಾಡ್ರೀ. ಮನಿಯಾಗ ಸಣ್ಣ ಮಕ್ಕಳು ಅದಾವ್ರೀ."

ನಾಲ್ವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಟಿವಿ ಕಡೆ ಕೈ ತೋರಿಸಿದ. "ಅಣ್ಣಾ, ಬೈದಿದ್ದು ನಿಮಗಲ್ಲ, ಅಲ್ಲಿ ನಿಂತಿದಾನಲ್ಲ, ಆ ಕ್ಯಾಪ್ಟನ್‌ಗೆ!"

ಅವತ್ತೇ ಉಪ್ಪಿನ ಡಬ್ಬಿ, ಈರುಳ್ಳಿ ಚೂರು ಇಟ್ಟು ಫೀಲ್ಡಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ನನಗೆ ಪಾಠ ಮಾಡಿದರು. ಮ್ಯಾಚ್ ಸೋತದ್ದು ಟಿವಿಯಲ್ಲಿದ್ದ ಕ್ಯಾಪ್ಟನ್, ಕ್ಷಮೆ ಕೇಳಿದ್ದು ನಾನು.

ಪೆವಿಲಿಯನ್

ನಮ್ಮಲ್ಲಿ ಟಾಯ್ಲೆಟ್ ಬಾಗಿಲ ಮೇಲೆ "ಪೆವಿಲಿಯನ್" ಅಂತ ಬೋರ್ಡು. ಔಟಾದವನು ಹೋಗುವ ಜಾಗ ಅಂತ ಓನರ್ ತಮಾಷೆ.

ಒಂದು ಮಧ್ಯಾಹ್ನ ರಿಟೈರ್ ಆದವರಂತೆ ಕಾಣುವ ಹಿರಿಯರೊಬ್ಬರು ಮೊದಲ ಸಲ ಒಳಗೆ ಬಂದರು. ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡಿದ್ದರಂತೆ. "ಟಾಯ್ಲೆಟ್ ಎಲ್ಲಪ್ಪಾ?" ಅಂದರು. ಟಿವಿ ಗದ್ದಲದಲ್ಲಿ ಅವರಿಗೆ ನನ್ನ ಮಾತು ಕೇಳಿಸಲಿ ಅಂತ ಬೆರಳೆತ್ತಿ ಮೇಲಿನ ಬೋರ್ಡು ತೋರಿಸುತ್ತಾ ಜೋರಾಗಿ ಹೇಳಿದೆ: "ಪೆವಿಲಿಯನ್‌ಗೆ ನಡೀರಿ ಸರ್!"

ಬಿಳಿ ಕೋಟು, ಟೋಪಿ, ಮೇಲೆತ್ತಿದ ಬೆರಳು. ಅವರು ಅಲ್ಲೇ ನಿಂತುಬಿಟ್ಟರು.

"ಏನ್ರೀ ಇದು! ಈಗಷ್ಟೇ ಒಳಗೆ ಬಂದೆ, ಆಗ್ಲೇ ಔಟಾ?"

ಹಲ್ಲು ನೋವು

ಪಕ್ಕದ ಕಟ್ಟಡದಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ. ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆದು ಗ್ಲಾಸು ಒರೆಸುತ್ತಿದ್ದೆ. ಕೆನ್ನೆ ಹಿಡಿದುಕೊಂಡ ಹೆಂಗಸೊಬ್ಬರು ಸೀದಾ ಒಳಗೆ ಬಂದು, ನನ್ನ ಕೋಟು ನೋಡಿ, ಕುರ್ಚಿ ಎಳೆದು ಕೂತು ಬಾಯಿ ತೆರೆದರು.

"ಅಮ್ಮಾ, ಇದು ಬಾರ್ ರೀ," ಅಂದೆ.

ಬಾಯಿ ಇನ್ನೂ ಅಗಲವಾಗಿ ತೆರೆಯಿತು.

ನೋವಿನಲ್ಲಿ ಏಳೋಕೂ ಆಗುತ್ತಿರಲಿಲ್ಲ ಪಾಪ. ಶುಭ್ರವಾದ ಬಟ್ಟೆಯಲ್ಲಿ ಐಸ್ ಸುತ್ತಿ ಕೊಟ್ಟೆ, ಆಮೇಲೆ ಪಕ್ಕದ ಕಟ್ಟಡದವರೆಗೂ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ವಾರದ ನಂತರ ಸಂಜೆ, ತುಂಬಿದ ಬಾರಿಗೆ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದರು. "ಅವತ್ತು ನೀವಿಲ್ಲದೇ ಇದ್ದಿದ್ರೆ ಸತ್ತೇ ಹೋಗ್ತಿದ್ದೆ. ಬರ್ತೀನಿ ಡಾಕ್ಟ್ರೇ," ಅಂದು ಹೋದರು.

ಚಕ್ಕುಲಿ ಎಲ್ಲ ಟೇಬಲ್ಲಿಗೂ ಹಂಚಿದೆ. ಅವತ್ತಿನಿಂದ ಗಿರಾಕಿಗಳು ನನ್ನ ಹತ್ತಿರ ಬಿಯರ್ ಕೇಳೋದೇ ಬಿಟ್ಟಿದ್ದಾರೆ. "ಡಾಕ್ಟ್ರೇ, ಔಷಧಿ ಕೊಡಿ," ಅಂತಾರೆ.

ಮೇಲಿನ ಮನೆ ಆಂಟಿ

ಬಾರಿನ ಮೇಲೆ ಒಂದು ಮನೆ. ಅಲ್ಲಿ ರಿಟೈರ್ಡ್ ಟೀಚರ್ ಆಂಟಿ, ಅವರ ಯಜಮಾನರು. ನಮ್ಮ ಟಿವಿಗೆ ಮ್ಯಾಚ್ ಬರೋದು ಇಂಟರ್ನೆಟ್ಟಿನಲ್ಲಿ, ಅವರದಕ್ಕೆ ಕೇಬಲ್ಲಿನಲ್ಲಿ. ನಮ್ಮದು ಸ್ವಲ್ಪ ಹಿಂದೆ. ಇಲ್ಲಿ ಬೌಲರ್ ಓಡೋಕೆ ಶುರು ಮಾಡುವಷ್ಟರಲ್ಲಿ ಮೇಲಿಂದ "ಅಯ್ಯೋ, ಔಟು!" ಅಂತ ಕೂಗು. ಸಸ್ಪೆನ್ಸೇ ಇಲ್ಲ ಅಂತ ಗಿರಾಕಿಗಳ ಗೋಳು. ಕೊನೆಗೆ ನಾನು ಮೆಟ್ಟಿಲು ಹತ್ತಿದೆ. ಬಾರಿನವನು ಮನೆಯವರ ಹತ್ತಿರ ಹೋಗಿ "ಗಲಾಟೆ ಕಮ್ಮಿ ಮಾಡಿ" ಅಂದದ್ದು ಬೆಂಗಳೂರಲ್ಲಿ ಅದೇ ಮೊದಲು ಇರಬೇಕು.

"ಏನ್ ಮಾಡ್ಲಪ್ಪಾ, ನಮ್ಮೋರಿಗೆ ಕಿವಿ ಕೇಳಿಸಲ್ಲ. ನಾನೇ ಕೂಗಿ ಹೇಳ್ಬೇಕು," ಅಂದರು ಆಂಟಿ. ಕಾಫಿ ಕುಡಿಸಿ ಕಳಿಸಿದರು. ಕೂಗೋದು ಮಾತ್ರ ಬಿಡಲಿಲ್ಲ.

ಆಮೇಲೊಂದು ದೊಡ್ಡ ಮ್ಯಾಚು. ಸಂಜೆ ಏಳು ಗಂಟೆ, ಕೊನೇ ಓವರು, ನಿಲ್ಲೋಕೂ ಜಾಗವಿಲ್ಲ. ಅಷ್ಟರಲ್ಲಿ ರಸ್ತೆ ಅಗೆಯುತ್ತಿದ್ದವರು ಇಂಟರ್ನೆಟ್ ವೈರನ್ನೇ ಕಡಿದುಬಿಟ್ಟರು. ಎಲ್ಲ ಟಿವಿಯಲ್ಲೂ ಬೌಲರ್ ಕೈಯೆತ್ತಿ ನಿಂತವನು ನಿಂತೇ ಇದ್ದ. ಎಲ್ಲರೂ ಒಟ್ಟಿಗೆ ತೆಗೆದ ಮೊಬೈಲ್‌ಗಳಲ್ಲೂ ಬರೀ ಚಕ್ರ ತಿರುಗುತ್ತಿತ್ತು. ಇಡೀ ಬಾರು ಫುಟ್‌ಪಾತಿಗೆ ಓಡಿ ತಲೆಯೆತ್ತಿ ಕೂಗಿತು: "ಆಂಟೀ!"

ಆಂಟಿ ಬಾಲ್ಕನಿಗೆ ಬಂದರು. ಬಾಗಿಲಿಂದ ಒಳಗಿನ ಟಿವಿ ನೋಡುತ್ತಾ ಒಂದೊಂದೇ ಬಾಲ್ ಹೇಳಿದರು. "ಎರಡು ರನ್ನು! ಅಯ್ಯೋ, ಈಗ ಏನೂ ಇಲ್ಲ! ಕೊನೇ ಬಾಲ್ ಕಣ್ರಪ್ಪಾ, ನಾಲ್ಕು ಬೇಕು! ಓಡ್ತಾ ಇದಾನೆ, ಓಡ್ತಾ ಇದಾನೆ..."

ಒಳಗೆ ಕುಕ್ಕರ್ ಕೂಗಿತು.

"ಒಂದ್ನಿಮಿಷ ಇರಿ," ಅಂದು ಆಂಟಿ ಒಳಗೆ ಹೋದರು. ಸೆರಗಿಗೆ ಕೈ ಒರೆಸುತ್ತಾ ವಾಪಸು ಬಂದರು.

"ಆಯ್ತು!"

"ಏನಾಯ್ತು ಆಂಟಿ?"

"ಅನ್ನ ಆಯ್ತು ಕಣ್ರೋ!"

ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಅಂಕಲ್ ಬಂದು ನಿಂತು, ಒಂದು ಮಾತೂ ಆಡದೆ ಎರಡೂ ಕೈ ಮೇಲೆತ್ತಿದರು. ಸಿಕ್ಸರ್! ರಸ್ತೆಯೇ ಕುಣಿಯಿತು. ಆಟೋದವರು ಹಾರ್ನ್ ಹೊಡೆದರು, ಗುರುತಿಲ್ಲದವರು ನನ್ನನ್ನು ತಬ್ಬಿಕೊಂಡರು.

ಹಿಂದೆ ಯಾರಿದ್ದಾರೆ ಅಂತ ನೋಡದ ಆಂಟಿ ಮಾತ್ರ ಕಂಬಿ ಹಿಡಿದು, ಕಣ್ಣು ಅರಳಿಸಿ ನಿಂತಿದ್ದರು.

"ಅಯ್ಯೋ ಪಾಪ! ಅನ್ನ ಆಗಿದ್ದಕ್ಕೆ ಇಷ್ಟೊಂದು ಖುಷೀನಾ? ಹಸಿವಾಗಿದೆ ಅಂತ ಮೊದ್ಲೇ ಹೇಳ್ಬಾರ್ದಾ! ಬನ್ರೋ, ಎಲ್ರೂ ಮೇಲೆ ಬನ್ನಿ!"