ಚಹಾ ಬಣ್ಣದ ಡಾಂಬರು

ಅಂಬಾದಾಸನ ಗ್ರಹಚಾರ ಆ ದಿನ ಮೋಡದ ರೂಪದಲ್ಲಿ ವಾಗದರಿ ಊರಿನ ಮೇಲೆ ಬಂದು ಕುಳಿತಿತ್ತು. ಸೊಲ್ಲಾಪುರದ ಗುತ್ತಿಗೆದಾರರ ಬಳಿ ಹೊಸದಾಗಿ ಸೂಪರ್‌ವೈಜರ್ ಆಗಿದ್ದ ಅವನು, ಆ ಊರಿನ ಮುದುಕಿ ಸುಗಲಾಬಾಯಿಯ ಮನೆ ಮುಂದಿನ ಕೊನೆಯ ತುಂಡು ರಸ್ತೆಗೆ ಬೆಳಿಗ್ಗೆಯೇ ನೀರು ಬೆರೆತ ಡಾಂಬರು, ಅಂದರೆ ಇಮಲ್ಷನ್, ಸಿಂಪಡಿಸಿದ್ದ. ಬಿಸಿಲಿದ್ದರೆ ನೀರು ಬೇಗ ಆರಿ, ಕಂದು ಬಣ್ಣ ಕಪ್ಪಾಗಿ, ಅಂಟು ಬರುತ್ತದೆ. ಅದರ ಮೇಲೆ ಡಾಂಬರು ಕಲಸಿದ ಬಿಸಿ ಜಲ್ಲಿ ಹರಡಬೇಕು. ಸಂಜೆ ಅಕ್ಕಲಕೋಟದಿಂದ ಎಂಜಿನಿಯರ್ ಬರುವವರಿದ್ದರು. "ಅಷ್ಟರಾಗ ರಸ್ತಾ ಮುಗೀಲಿಲ್ಲಂದ್ರ ನಾಳಿಂದ ನೀ ಬರೂದು ಬ್ಯಾಡ," ಎಂದು ಗುತ್ತಿಗೆದಾರರು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಮೋಡ ಕದಲಲಿಲ್ಲ. ಗಾಳಿಯೂ ಸುಳಿಯಲಿಲ್ಲ. ಎದುರು ಮನೆಯ ರೈತ ಮಲಕಾಜಪ್ಪ ಬಂದು ಬಗ್ಗಿ ನೋಡಿದ.

"ಸಾಯೇಬ್ರ, ಇದೇನು ಡಾಂಬರೋ, ಚಾನೋ?"

"ಡಾಂಬರ್‌ರಿ ಕಾಕಾ. ಇದರಾಗ ನೀರ ಇರತದ..."

"ಕೇಳಿದ್ರೇನು? ನೀರ ಹಾಕೀನಂತ ತಾನೇ ಒಪ್ಪಕೊಂಡ," ಎಂದು ಮಲಕಾಜಪ್ಪ ಕಟ್ಟೆಯ ಮೇಲಿದ್ದವರನ್ನೆಲ್ಲ ಕರೆದ. ಅರ್ಧ ಊರು ಸೇರಿತು. "ಇದು ಕರ್ರಗ ಆಗೂತನಾ ಇದರ ಮ್ಯಾಲ ಒಂದ ಪುಟ್ಟಿ ಮಾಲ ಬೀಳಬಾರದು ನೋಡ್ರಿ."

"ಆಗೇ ಆಗತದ. ಅಲ್ಲೀತನಾ ನಾ ಇಲ್ಲಿಂದ ಏಳಂಗಿಲ್ಲ," ಎಂದ ಅಂಬಾದಾಸ.

ಹಟಕ್ಕೆ ಬಿದ್ದವನು ಸುಗಲಾಬಾಯಿಯ ಮೊರ ಇಸಿದುಕೊಂಡು ರಸ್ತೆಗೇ ಗಾಳಿ ಹಾಕತೊಡಗಿದ. ಹುಡುಗರು ಮೊಬೈಲ್ ಹಿಡಿದರು. ಒಬ್ಬ ಎಡಕ್ಕೆ ಬೀಸು ಎಂದ, ಇನ್ನೊಬ್ಬ ಕೆಂಡದ ಶೇಗಡಿ ತಂದಿಡಲೇ ಎಂದು ಕೇಳಿದ. ಮಧ್ಯಾಹ್ನ ಬಿಸಿ ಜಲ್ಲಿ ಹೊತ್ತ ಟಿಪ್ಪರ್ ಬಂದು ನಿಂತು, ನಿಂತಲ್ಲೇ ತಣ್ಣಗಾಗತೊಡಗಿತು. ಡಾಂಬರು ಮಾತ್ರ ಬಸಿದಿಟ್ಟ ಚಹಾದ ಹಾಗೆ ಹಾಯಾಗಿ ಮಲಗಿತ್ತು.

"ಯಪ್ಪಾ, ಸಾಕ ಮಾಡು. ಎರಡು ರೊಟ್ಟಿ ತಿಂದು ಮತ್ತ ಬೀಸೀಯಂತ," ಎಂದಳು ಸುಗಲಾಬಾಯಿ.

"ನೌಕರಿ ಹೋದ್ರ ಮನಿಗಿ ಯಾವ ಮಾರಿ ಹೊತ್ತು ಹೋಗ್ಲಿ ಆಯಿ?" ಅಂಬಾದಾಸ ಕಣ್ಣೊರೆಸಿಕೊಂಡು, ಮೊರ ಕೆಳಗಿಟ್ಟು ಅವಳ ಹಿಂದೆ ಒಳಗೆ ಹೋದ. ಪಕ್ಕದಲ್ಲಿದ್ದ ಮಲಕಾಜಪ್ಪ ತನ್ನ ಮನೆಗೆ ಹೋದ. ಆಳುಗಳೂ ಬೇವಿನ ಮರದ ಕೆಳಗೆ ಹೋಗಿ ಬುತ್ತಿ ಬಿಚ್ಚಿದರು.

ರೊಟ್ಟಿ ತಿಂದು ಹೊರಗೆ ಬಂದ ಅಂಬಾದಾಸ ಕಣ್ಣುಜ್ಜಿಕೊಂಡ. ರಸ್ತೆ ಮಿಂದ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಮಿರುಗುತ್ತಿತ್ತು. ಖುಷಿಯಲ್ಲಿ ಅವನು ಆಕಾಶ ನೋಡುವುದನ್ನೇ ಮರೆತ. ನೋಡಿದ್ದರೆ ಮೋಡ ಇದ್ದಲ್ಲೇ ಇರುವುದು ಕಾಣುತ್ತಿತ್ತು. "ಹಾಕ್ರಿ ಮಾಲ," ಎಂದು ಕೂಗಿದ. ಜಲ್ಲಿ ಬಿತ್ತು, ರೋಲರ್ ಓಡಿತು, ಊರೂ ಒಪ್ಪಿತು.

ಸಂಜೆ ಎಂಜಿನಿಯರ್ ಜೀಪು ಬಂದು ಸುಗಲಾಬಾಯಿಯ ಮನೆ ಮುಂದೆ ಬ್ರೇಕ್ ಹಾಕಿತು. ಜೀಪು ನಿಲ್ಲಲಿಲ್ಲ. ಹೊಸ ರಸ್ತೆ ಅದರ ಗಾಲಿಯಡಿ ಜಮಖಾನೆಯಂತೆ ಮುದುರಿಕೊಂಡು ಮುಂದೆ ಸರಿಯಿತು. ಎಂಜಿನಿಯರ್ ಇಳಿದು, ಅಡಿಯಲ್ಲಿ ಬೆರಳಾಡಿಸಿ ಮೂಸಿದರು.

"ಎಂಜಿನ್ ಆಯಿಲ್. ಯಾರು ಹಾಕಿದ್ದು?"

ಮಲಕಾಜಪ್ಪ ಎದೆಯುಬ್ಬಿಸಿ ಮುಂದೆ ಬಂದ. "ನಾನೇರಿ. ಪಾಪ, ನೌಕರಿ ಹೋಗತದಂತ ಕಣ್ಣಾಗ ನೀರ ತಂದ. ಕರಳು ಚುರ್ ಅಂತು. ಟ್ರ್ಯಾಕ್ಟರಿಂದು ಹಳೀ ಆಯಿಲ್ ತಂದು ಹೊಯ್ದೆ. ಬರೋಬರ್ ಕರ್ರಗಾತು."

ಆಗ ಮೋಡ ಸರಿದು ಬಿಸಿಲು ಬಿತ್ತು. ಅಂಚಿನಲ್ಲಿ ಆಯಿಲ್ ತಾಗದೆ ಉಳಿದಿದ್ದ ಡಾಂಬರು ಎಲ್ಲರೂ ನೋಡುತ್ತಿದ್ದಂತೆ ತಾನೇ ಕಪ್ಪಾಗತೊಡಗಿತು. "ಎಲ್ಲಾ ಕಿತ್ತು ನಾಳೆ ಮೊದಲಿಂದ ಮಾಡಿ," ಎಂದು ಎಂಜಿನಿಯರ್ ಜೀಪು ಹತ್ತಿದರು. ಅಂಬಾದಾಸನ ಕಿಸೆಯಲ್ಲಿ ಗುತ್ತಿಗೆದಾರರ ಫೋನು ಹೊಡೆದುಕೊಳ್ಳುತ್ತಿತ್ತು.

ಮಲಕಾಜಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ಕಾಳಜಿ ಮಾಡಬ್ಯಾಡ ತಮ್ಮಾ. ನಾಳಿ ಮತ್ತ ಮೋಡ ಆದ್ರ, ಮನ್ಯಾಗ ಇನ್ನೊಂದು ಡಬ್ಬಿ ಅದ."