ಕೂತಲ್ಲೇ ಕವಾಯತು

ಮೆಟ್ಟಿಲಿಳಿಯುವಾಗ ಓಡಬಾರದು ಎಂದು ಏಳನೇ ತರಗತಿಯ ಮಕ್ಕಳಿಗೆ ತೋರಿಸಿಕೊಡಲು ಹೋಗಿ ಪೀಟಿ ಮೇಷ್ಟ್ರು ಕಾಲು ಮುರಿದುಕೊಂಡರು. ಬಾಯಲ್ಲಿ ಹೇಳಿದ್ದರೆ ಸಾಕಾಗುತ್ತಿತ್ತು. ಆದರೆ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮಾಡಿ ತೋರಿಸದೆ ಬರೀ ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಮೂರನೇ ಮೆಟ್ಟಿಲಿನಿಂದ ನೇರ ಎಂಟನೆಯದಕ್ಕೆ ಬಂದರು. ಅಂದಿನಿಂದ ಆ ಶಾಲೆಯಲ್ಲಿ ಒಂದು ಮಗುವೂ ಮೆಟ್ಟಿಲಿನ ಮೇಲೆ ಓಡಿಲ್ಲ. ಅಷ್ಟು ಚೆನ್ನಾಗಿ ಮನಸ್ಸಿಗಿಳಿದ ಪಾಠ ಅಲ್ಲಿ ಬೇರೊಂದಿಲ್ಲ.

ಮುರಿದದ್ದು ಪಾದದ ಹೊರ ಅಂಚಿನ ಒಂದು ಎಲುಬು, ಕಿರುಬೆರಳಿನ ಹಿಂದಿನದು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಮೇಷ್ಟ್ರು ನೋವು ಮರೆತು ನೋಡುತ್ತ ಕೂತರು. ಒಂದು ಪಾದದಲ್ಲಿ ಇಪ್ಪತ್ತಾರು ಎಲುಬಂತೆ. ಪೆನ್ಸಿಲ್ ತುಂಡುಗಳನ್ನು ಯಾರೋ ಪುರಸೊತ್ತಿನಲ್ಲಿ ಜೋಡಿಸಿಟ್ಟ ಹಾಗಿತ್ತು. ಎಂಬತ್ತೊಂದು ಕಿಲೋ ತೂಗುವ ತಾವು ಇಷ್ಟು ವರ್ಷ ಇವುಗಳ ಮೇಲೆ ಕುಣಿದಿದ್ದೇವೆ, ಒಂದು ದಿನವೂ ಇವು ದೂರು ಹೇಳಲಿಲ್ಲವಲ್ಲ ಎಂದು ಅವರಿಗೆ ಆ ಚಿತ್ರಕ್ಕೆ ಕೈಮುಗಿಯೋಣ ಎನ್ನಿಸಿತು. ಡಾಕ್ಟರಿಗೆ ಅಂಥದ್ದೇನೂ ಅನ್ನಿಸಲಿಲ್ಲ. ಆರು ವಾರ ಆ ಪಾದದ ಮೇಲೆ ಭಾರ ಬೀಳಬಾರದು ಎಂದರು. ಹಾಗಂತ ಮಿಕ್ಕ ಮೈ ನಿದ್ದೆ ಹೋಗಬಾರದು, ಕೂತಲ್ಲೇ ಕೈ ಬೀಸಬೇಕು, ಸೊಂಟ ತಿರುಗಿಸಬೇಕು, ಒಳ್ಳೆಯ ಕಾಲನ್ನು ಎತ್ತಿ ಇಳಿಸಬೇಕು. ಹಾಲು, ಮೊಟ್ಟೆ, ಸೊಪ್ಪು, ಕಾಳು ತಿನ್ನಬೇಕು. ಕರಿದದ್ದು, ಸಿಹಿ ಮುಟ್ಟಬಾರದು. ತೂಕ ಏರಿದರೆ ನಾಳೆ ಅದನ್ನು ಹೊರುವುದು ಇದೇ ಎಲುಬು ಎಂದು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು.

ನಾಲ್ಕನೇ ವಾರದ ಬುಧವಾರ ಬೆಳಿಗ್ಗೆ ಮೇಷ್ಟ್ರು ಬಚ್ಚಲಮನೆಯ ಬಾಗಿಲಿಗೆ ಒರಗಿ, ತೂಕದ ಯಂತ್ರದ ಮೇಲೆ ಒಂಟಿ ಕಾಲಲ್ಲಿ ನಿಂತರು. ಒಂದೇ ಕಾಲಾದ್ದರಿಂದ ಯಂತ್ರ ಸ್ವಲ್ಪ ರಿಯಾಯಿತಿ ತೋರಿಸಬಹುದೆಂಬ ಆಸೆ ಅವರಿಗೆ ಇನ್ನೂ ಹೋಗಿರಲಿಲ್ಲ. ಯಂತ್ರ ಎಂಬತ್ನಾಲ್ಕು ಎಂದಿತು.

ಹೆಂಡತಿ ಬಗ್ಗಿ ನೋಡಿದಳು. "ನಾನು ಹಾಕೋದು ಒಂದು ಮೊಟ್ಟೆ, ಒಂದು ಹಿಡಿ ಕಾಳು. ಈ ಮೂರು ಕಿಲೋ ಎಲ್ಲಿಂದ ಬಂತು ಅಂತ ಹೇಳ್ತೀರಾ, ಇಲ್ಲ ನಾನೇ ನಿಮ್ಮ ಸ್ಕೂಲಿಗೆ ಬಂದು ಕೇಳಲಾ?"

"ಬೂಟಿನ ತೂಕ ಕಣೇ ಅದು."

"ಬೂಟು ಬಿಚ್ಚಿಟ್ಟಿದ್ದೀರಿ."

ಮೇಷ್ಟ್ರು ಕೆಳಗೆ ನೋಡಿಕೊಂಡರು. ಮೊಣಕಾಲಿನವರೆಗೆ ಬರುವ ಆಸ್ಪತ್ರೆಯ ಬೂಟು ಮೂಲೆಯಲ್ಲಿ ಸಾಕುಪ್ರಾಣಿಯಂತೆ ಕೂತಿತ್ತು. ಇಂದು ಅವರಿಗೆ ತೂಕದ ಚಿಂತೆ ಮಾಡುವಷ್ಟು ಬಿಡುವಿರಲಿಲ್ಲ. ಇಂದು ಮೈದಾನದ ಹಣೆಬರಹ ತೀರ್ಮಾನವಾಗುವ ದಿನ.

ಶಾಲೆಯಲ್ಲಿ ಜಾಗ ಸಾಲದೆ ಐದನೇ ತರಗತಿಯ ಒಂದು ವಿಭಾಗ ವರಾಂಡದಲ್ಲಿ ಕೂರುತ್ತಿತ್ತು, ಇನ್ನೊಂದು ಪುಸ್ತಕದ ಕಪಾಟುಗಳ ನಡುವೆ. ನಾಲ್ಕು ಹೊಸ ಕೊಠಡಿ ಬೇಕೆಂದು ದೊಡ್ಡ ಮೇಡಂ ಮೇಲಿನವರಿಗೆ ಬರೆದಿದ್ದರು. ಕಟ್ಟಲು ಇದ್ದ ಜಾಗ ಮೈದಾನವೊಂದೇ. ಮೈದಾನ ಬಳಕೆಯಲ್ಲಿದ್ದರೆ ಅದನ್ನು ಮುಟ್ಟುವುದಿಲ್ಲ, ಪಾಳು ಬಿದ್ದಿದ್ದರೆ ಕಟ್ಟಡಕ್ಕೆ ಕೊಡುತ್ತೇವೆ, ಬುಧವಾರ ಹನ್ನೊಂದೂವರೆಗೆ ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆ ಎಂದು ಉತ್ತರ ಬಂದಿತ್ತು. ಮೇಷ್ಟ್ರ ಕಾಲು ಮುರಿದಾಗಿನಿಂದ ಅಲ್ಲಿಗೆ ಯಾರೂ ಇಳಿದಿರಲಿಲ್ಲ. ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಓಟದ ಸುಣ್ಣದ ಗೆರೆಗಳು ಅದರ ಕೆಳಗೆ ಎಲ್ಲೋ ಇದ್ದವು. ಪಕ್ಕದ ಮನೆಯವರು ಗೋಲಿನ ಕಂಬಗಳಿಗೆ ಹಗ್ಗ ಕಟ್ಟಿ ಹೊದಿಕೆ ಒಣಗಿಸತೊಡಗಿದ್ದರು.

ಊರುಗೋಲು ಊರುತ್ತ ಮೇಷ್ಟ್ರು ಶಿಕ್ಷಕರ ಕೊಠಡಿಗೆ ಬಂದಾಗ ಅವರ ಮೂರು ಕಿಲೋ ಅಲ್ಲಿ ಎಂದಿನಂತೆ ಕಾಯುತ್ತಿತ್ತು. ವಿಜ್ಞಾನದ ಮೇಷ್ಟ್ರು ಎರಡು ಬೇಯಿಸಿದ ಮೊಟ್ಟೆ ತಂದಿದ್ದರು. ಎಲುಬೆಂದರೆ ಸುಣ್ಣ, ಗೋಡೆ ಬಿರಿದರೆ ಗಾರೆ ಹಾಕುವುದಿಲ್ಲವೇ ಎಂಬುದು ಅವರ ವಾದ. ಅದರ ಮೇಲೆ ಒಂದು ದೊಡ್ಡ ಲೋಟ ಹಾಲು. ಲೆಕ್ಕದ ಮೇಡಂ ಬಾದಾಮಿಯ ಡಬ್ಬಿ ಮುಂದಿಟ್ಟು, ಮೇಷ್ಟ್ರ ಇಂದಿನ ತೂಕ ಕೇಳಿ, ಬೋರ್ಡಿನ ಮೂಲೆಯಲ್ಲಿ ಗುಣಾಕಾರ ಮಾಡಿದರು. ಕಿಲೋಗೆ ಇಷ್ಟು ಗ್ರಾಂ ಪ್ರೋಟೀನು ಎಂದು ಅವರ ಸೂತ್ರ. ತೂಕ ಮೂರು ಕಿಲೋ ಏರಿದ್ದರಿಂದ ಇನ್ನು ಮೇಲೆ ದಿನಕ್ಕೆ ಅರ್ಧ ಮೊಟ್ಟೆ ಹೆಚ್ಚು ತಿನ್ನಬೇಕು ಎಂದು ಉತ್ತರ ಬಂತು.

"ಹೀಗೇ ತಿಂದ್ರೆ ತೂಕ ಇನ್ನೂ ಏರುತ್ತಲ್ಲ ಮೇಡಂ."

"ಏರಿದ್ರೆ ಆಗ ಮತ್ತೆ ಲೆಕ್ಕ ಹಾಕೋಣ. ನಾನೆಲ್ಲಿಗೆ ಹೋಗ್ತೀನಿ?"

ಲೆಕ್ಕಕ್ಕೆ ಎದುರಾಡುವುದು ಮೇಷ್ಟ್ರಿಗೆ ಎಂದೂ ಆಗಿಬಂದಿರಲಿಲ್ಲ. ಮನೆಯ ಡಬ್ಬಿಯ ಕಾಳು, ಪಾಲಕ್ ಸೊಪ್ಪು, ಅದರ ಜೊತೆಗಿದ್ದ ಒಂದು ಮೊಟ್ಟೆ ಎಲ್ಲವನ್ನೂ ಸೇರಿಸಿ ತಿಂದರು. ಹನ್ನೊಂದು ಗಂಟೆಗೆ ಅವರಿಗೆ ಉಸಿರು ಬಿಡಲೂ ಒಳಗೆ ಜಾಗ ಹುಡುಕಬೇಕಾಗಿತ್ತು.

ಅವರ ಯೋಜನೆ ಸರಳವಾಗಿತ್ತು. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿ ಕೂತು, ಸೀಟಿ ಊದಿ ಮಕ್ಕಳನ್ನು ಓಡಿಸುವುದು. ಅಧಿಕಾರಿ ಬರುವಷ್ಟರಲ್ಲಿ ನೂರಿಪ್ಪತ್ತು ಜೊತೆ ಕಾಲು ಹುಲ್ಲನ್ನು ಮಲಗಿಸಿರುತ್ತವೆ. ಇದನ್ನು ಕೇಳಿದ ವಿಜ್ಞಾನದ ಮೇಷ್ಟ್ರು ನಡೆಯುವ ಕಷ್ಟವೇಕೆಂದು ಕಂಪ್ಯೂಟರ್ ಕೊಠಡಿಯಿಂದ ಚಕ್ರದ ಕುರ್ಚಿ ಎಳೆದು ತಂದು ಅದರಲ್ಲಿ ಅವರನ್ನು ಕೂರಿಸಿ ತಳ್ಳಿಕೊಂಡು ಹೊರಟರು. ಮೈದಾನಕ್ಕೆ ಇಳಿಯುವ ಸಿಮೆಂಟಿನ ಇಳಿಜಾರಿನ ತಲೆಯಲ್ಲಿ ವಿಜ್ಞಾನದ ಮೇಷ್ಟ್ರಿಗೆ ಹಿಂದೆ ಬರುತ್ತಿದ್ದ ಮಕ್ಕಳ ನೆನಪಾಯಿತು. ಇಳಿಜಾರಿನಲ್ಲಿ ವೇಗ ಹೇಗೆ ಹೆಚ್ಚುತ್ತದೆ ಎಂದು ಕೈಯಾಡಿಸಿ ಹೇಳಲು ಒಂದು ಕೈ ಬಿಟ್ಟರು. ವಿಷಯ ಸ್ವಾರಸ್ಯವಾಗಿದ್ದುದರಿಂದ ಇನ್ನೊಂದು ಕೈಯೂ ತಾನಾಗಿ ಮೇಲೆದ್ದಿತು.

ವೇಗ ಅವರು ಹೇಳಿದಂತೆಯೇ ಹೆಚ್ಚಿತು. ಮೇಷ್ಟ್ರು ಬೂಟಿನ ಕಾಲನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಇಳಿಜಾರು ದಾಟಿದರು, ಹುಲ್ಲಿಗೆ ನುಗ್ಗಿದರು, ಗೋಲಿನ ಕಂಬಗಳ ನಡುವೆ ಒಂದು ಹೊದಿಕೆಯೊಳಗೆ ಮಾಯವಾದರು. ಹೊದಿಕೆ ಹಗ್ಗದ ಸಮೇತ ಇಪ್ಪತ್ತು ಅಡಿ ಸಾಗಿ ನಿಂತಿತು. ಮೇಷ್ಟ್ರು ಇಷ್ಟು ಚೆಂದದ ಗೋಲು ಹೊಡೆದದ್ದನ್ನು ಮಕ್ಕಳು ಹಿಂದೆ ಕಂಡಿರಲಿಲ್ಲ.

ಅದೇ ಹೊತ್ತಿಗೆ ಗೇಟಿನಲ್ಲಿ ದೊಡ್ಡ ಮೇಡಂ ಪಕ್ಕದಲ್ಲಿ ಒಬ್ಬರು ನಿಂತಿದ್ದರು. ಅಧಿಕಾರಿ ಕಾಲು ಗಂಟೆ ಮೊದಲೇ ಬಂದುಬಿಟ್ಟಿದ್ದರು. ಎತ್ತರದ ಆಳು, ಮಂಡಿನೋವಿನವರ ಎಚ್ಚರದ ನಡಿಗೆ. ಹುಲ್ಲಿನ ನಡುವೆ ಕೂತ ಹೊದಿಕೆಯನ್ನು ಸ್ವಲ್ಪ ಹೊತ್ತು ನೋಡಿ, ಅದೇನು ಎಂದು ಕೇಳಿದರು.

"ನಮ್ಮ ಪೀಟಿ ಮೇಷ್ಟ್ರು ಸಾರ್," ಎಂದರು ದೊಡ್ಡ ಮೇಡಂ.

ಅಧಿಕಾರಿ ಹುಲ್ಲು ದಾಟಿಕೊಂಡು ಬಂದರು. ಮೇಷ್ಟ್ರು ಹೊದಿಕೆಯಿಂದ ತಲೆ ಹೊರಗೆ ಹಾಕಿ ನಮಸ್ಕಾರ ಹೇಳಿದರು. ಕುರ್ಚಿಯ ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು. ಅಧಿಕಾರಿ ಸುತ್ತ ನೋಡಿ, ಬೇಸರದ ದನಿಯಲ್ಲಿ, "ಇಲ್ಲಿ ಪೀಟಿ ನಡೆದು ಎಷ್ಟು ದಿನ ಆಯ್ತು?" ಎಂದರು.

ಮೈದಾನ ಕೈತಪ್ಪುತ್ತಿರುವುದು ಮೇಷ್ಟ್ರ ಕಣ್ಣಿಗೆ ಕಂಡಿತು. ಇಲ್ಲಿ ಎಷ್ಟೋ ಮಕ್ಕಳು ಮೊದಲ ಸಲ ಬಿದ್ದು, ಎದ್ದು, ಅಳು ನುಂಗಿ ಮತ್ತೆ ಓಡಿದ್ದರು. ಅದನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದು ಹೇಗೆಂದು ತಿಳಿಯದೆ ಅವರು ಇದ್ದ ಸತ್ಯವನ್ನೇ ಹೇಳಿದರು.

"ಪೀಟಿ ನಿಂತಿಲ್ಲ ಸಾರ್. ನಾಲ್ಕು ವಾರದಲ್ಲಿ ಒಂದು ದಿನಾನೂ ತಪ್ಪಿಲ್ಲ. ಒಳಗೆ ಹಾಲ್‌ನಲ್ಲಿ ಮಾಡಿಸ್ತಿದ್ದೀನಿ. ದಯವಿಟ್ಟು ಒಂದು ಸಲ ನೋಡಿ, ಆಮೇಲೆ ಏನು ಬೇಕಾದ್ರೂ ಬರೀರಿ."

ಅದು ನಿಜವೇ ಆಗಿತ್ತು. ಕಾಲು ಮುರಿದ ವಾರ ಮಕ್ಕಳನ್ನು ಏನು ಮಾಡುವುದೆಂದು ತಿಳಿಯದೆ ಅವರು ಸಭಾಂಗಣದ ಬೆಂಚುಗಳಲ್ಲಿ ಕೂರಿಸಿ, ತಾವು ಎದುರಿಗೆ ಕುರ್ಚಿಯಲ್ಲಿ ಡಾಕ್ಟರು ಹೇಳಿದ ವ್ಯಾಯಾಮ ಮಾಡಿಕೊಳ್ಳುತ್ತಿದ್ದರು. ಮೂರನೇ ದಿನ ಮಕ್ಕಳು ಅಣಕಿಸಲು ಹಾಗೇ ಮಾಡಿದರು. ಐದನೇ ದಿನ ಅಣಕ ಮರೆತು ಮಾಡಿದರು. ಮೇಷ್ಟ್ರು ಒಂದೊಂದೇ ಸೇರಿಸುತ್ತ ಹೋಗಿ ಈಗ ಅದು ಹದಿನೆಂಟು ವರಸೆಯ ಕವಾಯತಾಗಿ ಬೆಳೆದಿತ್ತು.

ಕುರ್ಚಿಯನ್ನು ಮಣ್ಣಿನಿಂದ ಕೀಳಲು ಇಬ್ಬರು ಶಿಕ್ಷಕರು, ದೊಡ್ಡ ಮೇಡಂ, ಹೊದಿಕೆ ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಎಲ್ಲರೂ ಕೈಹಚ್ಚಬೇಕಾಯಿತು. ಕುರ್ಚಿಗಿಂತ ಮೇಷ್ಟ್ರೇ ಭಾರವೆಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. ಹತ್ತು ನಿಮಿಷದಲ್ಲಿ ನೂರಿಪ್ಪತ್ತು ಮಕ್ಕಳು ಸಭಾಂಗಣದ ಬೆಂಚುಗಳಲ್ಲಿ ಕೂತಿದ್ದರು. ಕೂದಲಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡ ಮೇಷ್ಟ್ರು ಎದುರಿಗೆ. ಸೀಟಿ ಒಮ್ಮೆ ಮೆಲ್ಲಗೆ ಊದಿದರು.

ಇನ್ನೂರ ನಲವತ್ತು ಕೈ ಒಟ್ಟಿಗೆ ಮೇಲೆದ್ದವು.

ಆ ಸದ್ದನ್ನು ಹೇಗೆ ಹೇಳುವುದು? ಕೆರೆಯ ಮೇಲಿಂದ ಹಕ್ಕಿಯ ಹಿಂಡು ಒಂದೇ ಸಲಕ್ಕೆ ಏಳುತ್ತದಲ್ಲ, ಹಾಗೆ ಗಾಳಿ ಹೊರಳಿತು. ಕೈಗಳು ಬದಿಗೆ ಬಿಚ್ಚಿಕೊಂಡವು, ಎದೆಗೆ ಬಂದವು, ಬೆನ್ನುಗಳು ಬಿಲ್ಲಿನಂತೆ ಬಾಗಿ ನೆಟ್ಟಗಾದವು. ಎಡಗಾಲು ಎದ್ದು ನಿಂತಿತು, ಎಂಟು ಎಣಿಕೆ ಅಲುಗದೆ ನಿಂತಿತು, ಇಳಿಯಿತು. ಮಾತಿಲ್ಲ, ಆಜ್ಞೆಯಿಲ್ಲ, ನೂರಿಪ್ಪತ್ತು ಉಸಿರು ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬರುತ್ತಿತ್ತು.

ಮೇಷ್ಟ್ರು ದಿನವೂ ಇದನ್ನು ಮಾಡಿಸುತ್ತಿದ್ದರೂ ತಾವೂ ಮಾಡುತ್ತಿದ್ದುದರಿಂದ ನೋಡಿರಲಿಲ್ಲ. ಇಂದು ಮೊಟ್ಟೆ, ಬಾದಾಮಿಗಳ ದಯೆಯಿಂದ ಬಗ್ಗಲಾಗದೆ, ನಾಲ್ಕನೇ ವರಸೆಗೇ ಕೈಬಿಟ್ಟು ನೋಡಿದರು. ಮೈದಾನದಲ್ಲಿ ಇದೇ ಮಕ್ಕಳು ಚೆಲ್ಲಿದ ಕಾಳಿನಂತೆ ದಿಕ್ಕಿಗೊಬ್ಬರು. ಅಲ್ಲಿ ಪ್ರತಿ ವರ್ಷ ಏಳೆಂಟು ಮಕ್ಕಳು ಗೋಡೆಗೆ ಒರಗಿ ಕೂರುತ್ತಿದ್ದರು. ಉಬ್ಬಸದ ಹುಡುಗಿ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡವನು, ಓಡಿದರೆ ಎಲ್ಲರೂ ನಗುತ್ತಾರೆಂದು ಓಡದ ದಪ್ಪನೆಯ ಅವಳಿಗಳು. ಅಂಥವರಿಗೆ ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಕೊಟ್ಟ ಕೆಲಸ ಒಂದೇ, ಬೇರೆಯವರ ಚಪ್ಪಲಿ ಕಾಯುವುದು. ಈಗ ಅವರು ಎಲ್ಲಿದ್ದಾರೆಂದು ಕಣ್ಣಾಡಿಸಿದರು. ಗೊತ್ತಾಗಲಿಲ್ಲ. ಎಲ್ಲ ಕೈಗಳ ನಡುವೆ ಅವರ ಕೈಗಳೂ ಇದ್ದವು. ಮೇಷ್ಟ್ರಿಗೆ ಮೈ ನವಿರೆದ್ದಿತು. ತಮ್ಮ ಬಾಯಲ್ಲಿದ್ದ ಸೀಟಿ ಯಾವಾಗ ಮಡಿಲಿಗೆ ಬಿತ್ತೋ ತಿಳಿಯಲಿಲ್ಲ.

ಪಕ್ಕದಲ್ಲಿ ಏನೋ ಸದ್ದಾಯಿತು. ಅಧಿಕಾರಿ ಕೈಲಿದ್ದ ಕಡತವನ್ನು ನೆಲಕ್ಕಿಟ್ಟು, ಖಾಲಿ ಬೆಂಚೊಂದರಲ್ಲಿ ಕೂತು, ಎರಡೂ ಕೈಯನ್ನು ಮೇಲಕ್ಕೆ ಎತ್ತುತ್ತಿದ್ದರು. ಎತ್ತಿದ ಕೈಗಳನ್ನು, ಅವು ಬೇರೆ ಯಾರದೋ ಎಂಬಂತೆ ತಲೆಯೆತ್ತಿ ನೋಡಿದರು. ಮುಂದಿನ ಎಣಿಕೆಗೆ ಮಂಡಿಯನ್ನೂ ಎತ್ತಿದರು. ಅವರ ಹಿಂದೆ ಲೆಕ್ಕದ ಮೇಡಂ, ಬಾಗಿಲಲ್ಲಿ ಹೊದಿಕೆ ಹೆಗಲಿಗೇರಿಸಿಕೊಂಡ ಪಕ್ಕದ ಮನೆಯಾಕೆ ಕೂಡ ಕೈ ಬೀಸುತ್ತಿದ್ದರು.

ಹದಿನೆಂಟನೆಯದು ಮುಗಿದಾಗ ಅಧಿಕಾರಿಯ ಹಣೆಯಲ್ಲಿ ಬೆವರಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು, ಬರೀ ಕನ್ನಡಕವನ್ನಲ್ಲ.

"ಇಪ್ಪತ್ತಾರು ವರ್ಷದಿಂದ ಶಾಲೆ ನೋಡ್ತಿದ್ದೀನಿ ಮೇಷ್ಟ್ರೇ," ಎಂದರು. "ಇಂಥದ್ದು ನೋಡಿಲ್ಲ. ನನ್ನ ಈ ಕೈ ಹೆಗಲಿಂದ ಮೇಲೆ ಹೋಗಿ ಹತ್ತು ವರ್ಷ ಆಗಿತ್ತು."

ಮೇಷ್ಟ್ರ ಎದೆ ಹಗುರಾಯಿತು. ಪೀಟಿ ಜೀವಂತವಾಗಿದೆಯೆಂದು ಇದಕ್ಕಿಂತ ಚೆನ್ನಾಗಿ ಯಾರು ತೋರಿಸಬಲ್ಲರು? ದೊಡ್ಡ ಮೇಡಂ ಮಾತ್ರ ವರಾಂಡದ ಐದನೇ ತರಗತಿಯನ್ನು ನೆನೆದು ನಿಟ್ಟುಸಿರು ಬಿಟ್ಟರು.

ಅಧಿಕಾರಿ ಕಡತ ಎತ್ತಿಕೊಂಡು ಮಂಡಿಯ ಮೇಲಿಟ್ಟು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಸಹಿ ಹಾಕಿ, ದೊಡ್ಡ ಮೇಡಂ ಕೈಗೆ ಕೊಟ್ಟರು. ಓದುತ್ತ ಓದುತ್ತ ಅವರ ಮುಖ ಅರಳಿತು.

"ನಾಲ್ಕೂ ಕೊಠಡಿ ಮಂಜೂರಾಗಿದೆ," ಎಂದರು.

"ಎಲ್ಲಿ ಮೇಡಂ?" ಎಂದರು ಮೇಷ್ಟ್ರು.

ಉತ್ತರ ಕೊಟ್ಟವರು ಅಧಿಕಾರಿ. "ಇಷ್ಟು ವರ್ಷ ನಾವೆಲ್ಲ ಮೈದಾನ ಇಲ್ದೆ ಮಕ್ಕಳ ಮೈ ಬೆಳೆಯೋದಿಲ್ಲ ಅಂದ್ಕೊಂಡಿದ್ವಿ. ಎಂಥ ದಡ್ಡತನ. ನಾಲ್ಕು ಬೆಂಚು ಸಾಕು ಅಂತ ನೀವು ತೋರಿಸಿಬಿಟ್ರಿ."

ಮಕ್ಕಳು ಓಡಬೇಕು ಸಾರ್, ಬೀಳಬೇಕು ಸಾರ್ ಎಂದು ಮೇಷ್ಟ್ರು ಏನೇನೋ ಹೇಳಿದರು. ಓಡಿದವರು, ಬಿದ್ದವರು ಏನಾದರೆಂಬುದು ಮುಂದೆಯೇ ಬೂಟು ಚಾಚಿಕೊಂಡು ಕೂತಿದ್ದುದರಿಂದ ಆ ಮಾತಿಗೆ ತೂಕ ಬರಲಿಲ್ಲ. ಅಧಿಕಾರಿ ಅದನ್ನು ವಿನಯವೆಂದೇ ತಿಳಿದು ಅವರ ಹೆಗಲ ಮೇಲೆ ಕೈಯಿಟ್ಟರು. ಇಂಥ ವಿದ್ಯೆ ಒಂದೇ ಶಾಲೆಯಲ್ಲಿ ಉಳಿಯಬಾರದು ಎಂದರು. ತಮ್ಮ ಕೈಕೆಳಗೆ ನಲವತ್ತೆರಡು ಶಾಲೆಗಳಿವೆ, ಸೋಮವಾರದಿಂದ ಗಾಡಿ ಕಳಿಸುತ್ತೇವೆ, ಮೇಷ್ಟ್ರು ಒಂದೊಂದಕ್ಕೂ ಹೋಗಿ ಕೂತು ಕಲಿಸಿ ಬಂದರಾಯಿತು.

"ಅಲ್ಲೂ ಎಲ್ಲ ಕಡೆ ಒಳ್ಳೊಳ್ಳೆ ಮೈದಾನ ಇದೆ," ಎಂದರು ತೃಪ್ತಿಯಿಂದ.

ಲೆಕ್ಕದ ಮೇಡಂ ತುಟಿಯಲ್ಲೇ ಏನೋ ಎಣಿಸಿ, ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ ಹೇಳಿದರು. "ಶಾಲೆಗೆ ನಾಲ್ಕು ಅಂದ್ರೆ ನೂರ ಅರವತ್ತೆಂಟು ಕೊಠಡಿ ಮೇಷ್ಟ್ರೇ. ನೀವೊಬ್ಬರೇ."

ಮಕ್ಕಳು ಚಪ್ಪಾಳೆ ತಟ್ಟಿದರು. ನೂರಿಪ್ಪತ್ತು ಮಕ್ಕಳದೂ ಒಂದೇ ಚಪ್ಪಾಳೆ. ಎದ್ದು ನಿಂತು ಹೇಳಬೇಕಾದ ಮಾತೊಂದು ಮೇಷ್ಟ್ರ ಬಾಯಿಗೆ ಬಂದಿತ್ತು. ಎದ್ದು ನಿಲ್ಲಲು ಇನ್ನೂ ಎರಡು ವಾರ ಬಾಕಿಯಿತ್ತು.